ಒಂದೇ ಕೋಣೆಯ ಶಾಲೆಗೆ ನಮ್ಮ ಕನ್ನಡ ಕ್ಲಾಸು

ಹಳೇ ಶಾಲೆ ತೋರಿಸಿದರೆ ಮಕ್ಕಳಿಗೆ ಬೇಜಾರು, ದುಡ್ಡು ದಂಡ ಅಂತ ಎಲ್ಲರೂ ಹೇಳಿದ್ದರು. ಮೂರನೇ ಸಲಕ್ಕೆ ಕೆಲಸ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮಿಷಿಗನ್‌ನಲ್ಲಿ ವಾರಕ್ಕೊಮ್ಮೆ ಕನ್ನಡ ಕಲಿಸುತ್ತೇನೆ. 6ರಿಂದ 13 ವರ್ಷದವರೆಲ್ಲ ಒಟ್ಟಿಗೆ. ನಿಮ್ಮ ಕ್ಲಾಸೂ ಹಾಗೇ, ಅಲ್ವಾ? ಡಿಯರ್‌ಬಾರ್ನ್‌ನ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ಬಯಲು ಮ್ಯೂಸಿಯಮ್ಮಿನಲ್ಲಿ ಸ್ಕಾಚ್ ಸೆಟಲ್‌ಮೆಂಟ್ ಶಾಲೆ ಇದೆ. 1861ರದ್ದು. ಹೆನ್ರಿ ಫೋರ್ಡ್ ಚಿಕ್ಕಂದಿನಲ್ಲಿ ಓದಿದ್ದು ಅಲ್ಲೇ. ಮುಂದೆ ಅವರೇ ಆ ಕಟ್ಟಡವನ್ನು ಇಲ್ಲಿಗೆ ತರಿಸಿ, 1929ರಲ್ಲಿ ಮತ್ತೆ ಪಾಠ ಶುರು ಮಾಡಿಸಿದರು. ಬಾಗಿಲಲ್ಲಿ ನಿಂತಾಗ ನನಗೆ ಊರಿನ ಏಕೋಪಾಧ್ಯಾಯ ಶಾಲೆಯೇ ಕಣ್ಣಿಗೆ ಬಂತು.

ಮೊದಲ ಸಲ 14 ಮಕ್ಕಳು. ಟಿಕೆಟ್, ಪಾರ್ಕಿಂಗ್, ಊಟ ಸೇರಿ 500 ಡಾಲರ್ ಮೇಲೇ ಹೋಯಿತು. ನಾನು ಫೋರ್ಡ್ ಕಥೆ ಹೇಳುತ್ತಲೇ ಇದ್ದೆ. ಐದು ನಿಮಿಷಕ್ಕೆ ಅಲ್ಲಿನ ಉಗಿಬಂಡಿ ಕೂಗಿತು, ಎಲ್ಲರೂ ಅತ್ತ ಓಡಿದರು. ಎರಡನೇ ಸಲ ಪ್ರಶ್ನೆಗಳ ಹಾಳೆ ಕೊಟ್ಟೆ. ದೊಡ್ಡವರು ಬರೆದರು, ಚಿಕ್ಕವರು ನೋಡಿ ಬರೆದರು. ಅದಕ್ಕೂ 300 ಹೋಯಿತು. "ಸಾಕು ಬಿಡಿ ಅಕ್ಕಾ" ಅಂದರು ಒಬ್ಬ ತಾಯಿ.

ನಡುವೆ, ಮಕ್ಕಳಿಗೆ ಬರೆಯಲು ಅಂತ ಹಲಗೆಗೆ ಇದ್ದಿಲು, ಸೊಪ್ಪು ಅರೆದು ಬಳಿದು ನೋಡಿದೆ, ಊರಲ್ಲಿ ಬೋರ್ಡಿಗೆ ಹಚ್ಚುತ್ತಿದ್ದೆವಲ್ಲ, ಹಾಗೆ. ಇಲ್ಲಿನ ಪಾಲಕ್ ಹಿಡಿಯಲಿಲ್ಲ. ಒಣಗಿದ ಮೇಲೆ ಪುಡಿಪುಡಿಯಾಗಿ ಉದುರಿತು. ಕೊನೆಗೆ ಊರಿಂದ ಬರುವವರ ಕೈಲಿ ಕಲ್ಲಿನ ಸ್ಲೇಟು ತರಿಸಿದೆ.

ಮೂರನೇ ಸಲ ಕಥೆ ಹೇಳಲೇ ಇಲ್ಲ. ಒಳಗೆ ಬೆಂಚು, ಒಲೆ, ಬೋರ್ಡು ಸುಮ್ನೆ ನೋಡಿ ಬಂದೆವು. ಹೊರಗೆ ಮರದಡಿ ಕೂರಿಸಿ ಸ್ಲೇಟು ಹಂಚಿದೆ. ಒಬ್ಬೊಬ್ಬ ದೊಡ್ಡ ಮಗುವಿಗೆ ಒಂದೊಂದು ಚಿಕ್ಕ ಮಗು. ಅಂಥ ಶಾಲೆ ನಡೆಯುತ್ತಿದ್ದದ್ದೇ ಹಾಗೆ. ಟೀಚರ್ ಒಂದು ಗುಂಪಿನ ಪಾಠ ಒಪ್ಪಿಸಿಕೊಳ್ಳುವಾಗ ಉಳಿದವರು ತಮ್ಮ ಪಾಡಿಗೆ ಓದಬೇಕು, ಚಿಕ್ಕವರಿಗೆ ಹೇಳಿಕೊಡಬೇಕು. ಯಾರಿಗೆ ಯಾರು ಜೋಡಿ ಅನ್ನೋದನ್ನು ಹೇಗೆ ಆರಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ, ಮೂರು ವರ್ಷದ ಗಳಿಕೆ ಅದು.

ಕ್ಲಾಸಿನಲ್ಲಿ ಬಾಯೇ ಬಿಡದ ಹನ್ನೆರಡರ ಹುಡುಗ ಆರು ವರ್ಷದವಳ ಕೈ ಹಿಡಿದು 'ಳ' ತಿದ್ದಿಸುತ್ತಿದ್ದ. ತಪ್ಪಾದಾಗ ಅವಳು ಎಂಜಲು ಹಚ್ಚಿ ಅಂಗಿ ತೋಳಿನಿಂದ ಒರೆಸಿದಳು. ಅದನ್ನು ಯಾರೂ ಕಲಿಸಿರಲಿಲ್ಲ! ರೈಲು ಎರಡು ಸಲ ಕೂಗಿತು. ಮುಕ್ಕಾಲು ಗಂಟೆ ಒಬ್ಬರೂ ಏಳಲಿಲ್ಲ. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇನು.

ನೀವು ಮಾಡುವುದಾದರೆ ಬಳಪವನ್ನೂ ಊರಿಂದಲೇ ತರಿಸಿ. ಇಲ್ಲಿನ ಚಾಕ್‌ಪೀಸು ದಪ್ಪ ಜಾಸ್ತಿ, ಸ್ಲೇಟಿನ ಮೇಲೆ ಒತ್ತಕ್ಷರ ಒಂದಕ್ಕೊಂದು ಅಂಟಿಕೊಂಡು ಬಿಡುತ್ತೆ.