ಪವರ್ ಆಂಪ್: ಆನ್ ಕೊನೆಗೆ, ಆಫ್ ಮೊದಲಿಗೆ

ಪ್ರಿಆಂಪ್ (ಹಾಡಿನ ಸಿಗ್ನಲ್ ತೆಗೆದುಕೊಂಡು ವಾಲ್ಯೂಮ್ ಹೊಂದಿಸುವ ಡಬ್ಬಿ) ಬೇರೆ, ಪವರ್ ಆಂಪ್ (ಆ ಸಿಗ್ನಲನ್ನು ದೊಡ್ಡದು ಮಾಡಿ ಸ್ಪೀಕರ್ ನಡೆಸುವ ಡಬ್ಬಿ) ಬೇರೆ ಇರುವ ಮನೆಗಳಲ್ಲಿ ಸ್ವಿಚ್ ಹಾಕಿದ ಕೂಡಲೇ ಸ್ಪೀಕರ್ ‘ಧಬ್’ ಅನ್ನುವುದುಂಟು. ಕರೆಂಟ್ ಸಿಕ್ಕಾಗ ಪ್ರಿಆಂಪ್‌ನ ಕೆಪಾಸಿಟರ್‌ಗಳು (ಚಾರ್ಜ್ ಹಿಡಿದಿಡುವ ಬಿಡಿಭಾಗಗಳು) ಚಾರ್ಜ್ ಆಗುತ್ತವೆ. ಆಗ ಅದರ ಔಟ್‌ಪುಟ್‌ನಲ್ಲಿ ವೋಲ್ಟೇಜ್ ಒಮ್ಮೆ ಜಿಗಿಯುತ್ತದೆ. ಪವರ್ ಆಂಪ್ ಆಗಲೇ ಆನ್ ಇದ್ದರೆ ಅದನ್ನೂ ಹಾಡಿನಂತೆಯೇ ದೊಡ್ಡದು ಮಾಡುತ್ತದೆ. ಮನೆ ಬಳಕೆಯ ಪವರ್ ಆಂಪ್‌ಗಳು ಸಾಮಾನ್ಯವಾಗಿ ವೋಲ್ಟೇಜನ್ನು 20ರಿಂದ 30 ಪಟ್ಟು ಹೆಚ್ಚಿಸುತ್ತವೆ. ಅಂದರೆ ಅರ್ಧ ವೋಲ್ಟ್ ಜಿಗಿತ 10–15 ವೋಲ್ಟ್ ಆಗಿ ಸ್ಪೀಕರ್‌ಗೆ ಹೋಗುತ್ತದೆ.

ಆನ್ ಮಾಡುವಾಗ ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ. ಸಿಡಿ ಪ್ಲೇಯರ್, ಟರ್ನ್‌ಟೇಬಲ್ ಏನಿದೆಯೋ ಅದನ್ನು ಆನ್ ಮಾಡಿ. ಆಮೇಲೆ ಪ್ರಿಆಂಪ್. ಅರ್ಧ ನಿಮಿಷ ಸುಮ್ನೆ ಬಿಡಿ, ವಾಲ್ವ್ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ಟ್ಯೂಬ್) ಇರುವ ಪ್ರಿಆಂಪ್ ಆದರೆ ಒಂದು ನಿಮಿಷ. ಪವರ್ ಆಂಪ್ ಕೊನೆಗೆ. ತನ್ನದೇ ಆಂಪ್ ಇರುವ ಸಬ್‌ವೂಫರ್ ಕೂಡ ಕೊನೆಗೇ.

‘ವಾಲ್ಯೂಮ್ ಇಳಿಸಿದ್ದೀನಲ್ಲ, ಸಾಲದಾ?’ ಸಾಲದು. ಎಷ್ಟೋ ಪ್ರಿಆಂಪ್‌ಗಳಲ್ಲಿ ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲೂ ಇನ್ನೊಂದು ಸರ್ಕ್ಯೂಟ್ ಇರುತ್ತದೆ. ಧಬ್ ಹುಟ್ಟುವುದೇ ಅಲ್ಲಿ.

ಆಫ್ ಮಾಡುವಾಗ ಇದೆಲ್ಲ ಉಲ್ಟಾ. ಮೊದಲು ಪವರ್ ಆಂಪ್. ಅದರ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಹಾಗಾಗಿ ಕೆಲವು ಆಂಪ್‌ಗಳು ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಹಾಡುತ್ತಲೇ ಇರುತ್ತವೆ! ಅರ್ಧ ನಿಮಿಷ ಕಾದು, ಆಮೇಲೆ ಪ್ರಿಆಂಪ್ ಆರಿಸಿ.

ನಮ್ಮಲ್ಲಿ ನಿಜವಾದ ತೊಂದರೆ ಕರೆಂಟ್ ಹೋಗಿ ಬರುವುದು. ನೀವು ಎಷ್ಟೇ ಕ್ರಮ ಪಾಲಿಸಿದರೂ ಕರೆಂಟ್ ವಾಪಸ್ ಬಂದಾಗ ಎಲ್ಲವೂ ಒಟ್ಟಿಗೆ ಆನ್ ಆಗುತ್ತವೆ, ಅಲ್ವಾ? ಆದ್ದರಿಂದ ಕರೆಂಟ್ ಹೋದ ತಕ್ಷಣ ಪವರ್ ಆಂಪ್‌ನ ಸ್ವಿಚ್ ಆರಿಸಿ, ಮೇಣದಬತ್ತಿ ಆಮೇಲೆ ಹುಡುಕಿದರಾಯಿತು. ಒಂದೇ ಸ್ವಿಚ್ ಇರುವ ಸ್ಪೈಕ್ ಬಸ್ಟರ್‌ಗೆ ಎಲ್ಲವನ್ನೂ ಚುಚ್ಚುವುದು ಇದೇ ಕಾರಣಕ್ಕೆ ನನಗೆ ಹಿಡಿಸುವುದಿಲ್ಲ. ಪ್ರತಿ ಸಾಕೆಟ್‌ಗೂ ಬೇರೆ ಸ್ವಿಚ್ ಇರುವುದನ್ನೇ ಕೊಳ್ಳಿ. ಗುಡುಗು ಶುರುವಾಗುವ ಲಕ್ಷಣ ಕಂಡರೆ ಮೊದಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರಷ್ಟೇ ಸಾಲದು.

ಎರಡೂ ಒಂದೇ ಡಬ್ಬಿಯಲ್ಲಿ ಸೇರಿದ ಇಂಟಿಗ್ರೇಟೆಡ್ ಆಂಪ್ ಇರುವವರಿಗೆ ಇಷ್ಟು ತಲೆನೋವಿಲ್ಲ. ಅದು ಆನ್ ಆದ ಕೆಲವು ಸೆಕೆಂಡಿಗೆ ‘ಟಕ್’ ಅಂದರೆ ಗಾಬರಿ ಬೇಡ. ಧಬ್ ಕಳೆದ ಮೇಲೆ ಸ್ಪೀಕರನ್ನು ಜೋಡಿಸುವ ರಿಲೇ ಅದು.

ಆರ್‌ಸಿಎ ಕೇಬಲ್ (ಡಬ್ಬಿಗಳ ನಡುವೆ ಸಿಗ್ನಲ್ ಒಯ್ಯುವ ವೈರ್) ಹಾಕುವಾಗ, ತೆಗೆಯುವಾಗ ಎಲ್ಲವೂ ಆಫ್ ಇರಲಿ. ಅದರ ನಡುವಿನ ಪಿನ್ ಮೊದಲು ತಾಗುತ್ತದೆ, ಗ್ರೌಂಡ್ ಆಮೇಲೆ. ಆ ಒಂದು ಕ್ಷಣದಲ್ಲಿ ಬರುವ ‘ಗುಂಯ್’ ಸದ್ದು ಧಬ್‌ಗಿಂತ ಕೆಟ್ಟದ್ದು. ಇನ್ನು ವಾಲ್ವ್ ಪವರ್ ಆಂಪ್ ಇದ್ದರೆ ಸ್ಪೀಕರ್ ವೈರ್ ಜೋಡಿಸದೆ ಆನ್ ಮಾಡಲೇಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಆ ಆಂಪ್‌ನಲ್ಲಿ ಬೆಲೆ ಜಾಸ್ತಿ ಇರುವ ಭಾಗಗಳಲ್ಲಿ ಅದೂ ಒಂದು.