ಕ್ಯಾಲೆಂಡರ್ ಚೌಕದಲ್ಲಿ ಸಿಕ್ಕಿಬಿದ್ದ ತಲೆನೋವು

ಹನ್ನೊಂದು ವರ್ಷ ಮೈಗ್ರೇನ್ ಜೊತೆ ಸಂಸಾರ ಮಾಡಿದವಳು ನಾನು. ತಿಂಗಳಿಗೆ ಎಂಟೊಂಬತ್ತು ಸಲ ಬರುತ್ತಿದ್ದದ್ದು, ಊಟ, ನಿದ್ದೆ, ನೋವು ಎಲ್ಲ ದಿನಾ ಬರೆದಿಟ್ಟು ನೋಡಿದ ಮೇಲೆ ಈಗ ಎರಡಕ್ಕೆ ಇಳಿದಿದೆ. "ಬರೆದಿಟ್ಟರೆ ತಲೆನೋವು ಹೋಗುತ್ತಾ?" ಅಂತ ನಕ್ಕವರು ನಮ್ಮ ಮನೆಯಲ್ಲೇ ಇದ್ದರು. ಈಗ ನಗುತ್ತಿಲ್ಲ.

ಮೊದಲು ದುಡ್ಡು ಕಳೆದ ಕಥೆ. ಸ್ಕ್ಯಾನಿಂಗಿಗೆ ಸುಮಾರು 6,500, ಎಲ್ಲ ನಾರ್ಮಲ್. ಹೊಸ ಕನ್ನಡಕಕ್ಕೆ 3,000 ಚಿಲ್ರೆ. ಯಾರೋ ಹೇಳಿದ ಎಣ್ಣೆಯಿಂದ ದಿಂಬಿನ ಕವರ್ ಹಾಳಾಯಿತು, ಅಷ್ಟೇ.

ಡೈರಿಯನ್ನೂ ಎರಡು ಸಲ ಶುರು ಮಾಡಿ ಸೋತೆ. ನೋವು ಬಂದ ದಿನ ಮಾತ್ರ ಬರೆಯುತ್ತಿದ್ದೆ. ಹಾಳೆ ತಿರುವಿದರೆ ಎಲ್ಲ ಕಡೆ ಮೊಸರು. ಸರಿ, ಮೊಸರೇ ಕಳ್ಳ ಅಂತ ಎರಡು ತಿಂಗಳು ಬಿಟ್ಟೆ. ಕೊನೆಗೊಂದು ತುತ್ತು ಮೊಸರನ್ನ ಇಲ್ಲದಿದ್ದರೆ ಅದು ಊಟನಾ? ನೋವು ಒಂದು ದಿನಕ್ಕೂ ಕಮ್ಮಿ ಆಗಲಿಲ್ಲ. ಆಮೇಲೆ ಹೊಳೆಯಿತು. ತಲೆ ನೋಯದ ದಿನವೂ ಮೊಸರು ತಿಂದಿದ್ದೆ, ಬರೆದಿರಲಿಲ್ಲ.

ಮೂರನೇ ಸಲ ಡೈರಿ ಬಿಸಾಕಿ ಅಡುಗೆಮನೆ ಕ್ಯಾಲೆಂಡರ್ ಹಿಡಿದೆ. ಹಾಲಿನ ಲೆಕ್ಕದ ಪಕ್ಕದಲ್ಲೇ, ಚೆನ್ನಾಗಿದ್ದ ದಿನವೂ ಬಿಡದೆ, ಕಾಫಿ ಎಷ್ಟು ಗಂಟೆಗೆ, ತಿಂಡಿ ಎಷ್ಟಕ್ಕೆ, ನಿದ್ದೆ ಎಷ್ಟು ಅಂತ ಗೀಚಿದೆ. ನೋವಿದ್ದರೆ ಕೆಂಪು ಪೆನ್ನಲ್ಲಿ 'ತ', ಮಾತ್ರೆ ನುಂಗಿದರೆ 'ಮಾ'. ಮೂರು ತಿಂಗಳ ಹಾಳೆ ನೆಲದ ಮೇಲೆ ಹರಡಿ ನೋಡಿದರೆ, ಅರ್ಧಕ್ಕರ್ಧ 'ತ' ಭಾನುವಾರದ ಸಾಲಲ್ಲೇ ಕೂತಿವೆ! ವಾರವೆಲ್ಲ ಕಾಫಿ ಐದೂಮುಕ್ಕಾಲಿಗೆ, ಭಾನುವಾರ ಎಂಟೂವರೆಗೆ. ಇನ್ನು ಕೆಲವು ಸಂಕಷ್ಟಿ ದಿನ. ಚಂದ್ರ ಮೂಡೋವರೆಗೆ ಖಾಲಿ ಹೊಟ್ಟೆ ಅಲ್ವಾ?

ಡಾಕ್ಟರ್ ಮಾತ್ರ 'ಮಾ' ಎಣಿಸಿದರು. ಒಂದು ತಿಂಗಳಲ್ಲಿ ಹದಿಮೂರೋ ಹದಿನಾಲ್ಕೋ ಇದ್ದವು. ಹೀಗೆ ನುಂಗಿದರೆ ಮಾತ್ರೆಯೇ ತಲೆನೋವು ತರುತ್ತೆ, ವಾರಕ್ಕೆ ಎರಡು ದಿನ ದಾಟಬೇಡಿ ಅಂದರು. ಕಮ್ಮಿ ಮಾಡಿದ ಮೊದಲ ಹದಿನೈದು ದಿನ ನರಕ.

ನಡುವೆ ಬೆಲ್ಲದ ಮೇಲೂ ಅನುಮಾನ ಬಂತು. ನೋವಿನ ಹಿಂದಿನ ದಿನ ಬೆಲ್ಲ ಕೊಬ್ಬರಿ ತಿಂದೇ ಇರುತ್ತಿದ್ದೆ. ಬೇಕಂತಲೇ ನಾಲ್ಕು ಒಳ್ಳೆಯ ದಿನ ಒಂದೊಂದು ಅಚ್ಚು ತಿಂದೆ. ಏನೂ ಆಗಲಿಲ್ಲ. ನನ್ನ ಲೆಕ್ಕದಲ್ಲಿ ಬೆಲ್ಲದಿಂದ ನೋವಲ್ಲ, ನೋವು ಒಳಗೆ ಶುರುವಾದ ಮೇಲೆ ಬೆಲ್ಲದ ಆಸೆ. ಆಕಳಿಕೆಯೂ ಹಾಗೇ. ಈಗ ಸುಮ್ನೆ ಬೆಲ್ಲದ ಡಬ್ಬಿ ಕಡೆ ಕೈ ಹೋದರೆ ಬಟ್ಟೆ ಒಗೆಯೋದನ್ನು ನಾಳೆಗೆ ಹಾಕಿ ಬೇಗ ಮಲಗುತ್ತೇನೆ.

ಭಾನುವಾರವೂ ಈಗ ಐದೂಮುಕ್ಕಾಲಿಗೇ ಕಾಫಿ. ಆದರೂ ಏಳೂವರೆವರೆಗೆ ಹಾಸಿಗೆಯಲ್ಲೇ ಇರಲು ಒಂದು ಉಪಾಯ ಇದೆ. ಅದು ನಮ್ಮ ಯಜಮಾನರಿಗೆ ಸಂಬಂಧಿಸಿದ್ದು, ಇಲ್ಲಿ ಬೇಡ. ಸಂಕಷ್ಟಿ ದಿನ ಹನ್ನೊಂದಕ್ಕೆ ಹಾಲು, ಬಾಳೆಹಣ್ಣು. ಅತ್ತೆ ಎರಡು ತಿಂಗಳು ಮುಖ ಊದಿಸಿಕೊಂಡಿದ್ದರು. ಈಗ ಹಣ್ಣು ಅವರೇ ತರಿಸುತ್ತಾರೆ.

ಸಂಪಿಗೆ ವಾಸನೆಗೆ ಮಾತ್ರ ದಾರಿ ಸಿಕ್ಕಿಲ್ಲ. ಮೊನ್ನೆ ಬಸ್ಸಲ್ಲಿ ಮುಂದಿನ ಸೀಟಿನವರ ಜಡೆ ತುಂಬ ಸಂಪಿಗೆ. ಎರಡು ಸ್ಟಾಪ್ ಮೊದಲೇ ಇಳಿದು ನಡೆದೆ. ಟಿಕೆಟ್ ಹೇಗೂ ಫ್ರೀ.