ಈರುಳ್ಳಿ ಜಗಳದ ಮರೆಯಲ್ಲಿ

1999ರ ಜೂನ್, ಕಾರ್ಗಿಲ್ ಯುದ್ಧದ ದ್ರಾಸ್. ತೊಲೊಲಿಂಗ್ ಶಿಖರ ನಮ್ಮ ಕೈಗೆ ಬಂದು ಒಂದು ವಾರ ಕಳೆದಿರಬೇಕು. ರಾತ್ರಿ ಇನ್ನೊಂದು ಗುಡ್ಡ ಹತ್ತೋ ಕಂಪನಿಯ ಸಿಗ್ನಲ್ ಕೆಲಸ ನನ್ನ ಪಾಲಿಗೆ ಬಂತು. "ರೇಡಿಯೋ ಸೆಟ್ ಬಾಯೇ ಬಿಡಲ್ಲ, ಟೆಲಿಫೋನ್ ತಂತಿ ಎಳೀತೀನಿ" ಅಂದೆ. ಸುಬೇದಾರ್ ಸಾಬ್ ನಕ್ಕುಬಿಟ್ಟರು. ಒಂದು ಶೆಲ್ ಬಿದ್ದರೆ ಮುಗೀತು ಅನ್ನೋದು ಅವರ ಲೆಕ್ಕ.

ನನ್ನ ಹಳೇ ಪ್ರಯೋಗ ನೋಡಿದವರು ನಗದೆ ಇರ್ತಾರಾ? ನಾನು ಹಾಸನದ ಕಡೆಯವನು, ರೇಡಿಯೋದ ಆ ತುದಿಯ ಹುಡುಗ ಗದಗಿನವನು. ಗುಡ್ಡದಾಚೆ ಕನ್ನಡ ಯಾರಿಗೆ ಬರುತ್ತೆ ಅಂತ ಎರಡು ದಿನ ಬಿಡುಬೀಸಾಗಿ ಮಾತಾಡಿದ್ವಿ. ಮೂರನೇ ದಿನ ಒಬ್ಬ ಪಂಜಾಬಿ ಹುಡುಗನನ್ನ ಪಕ್ಕ ಕೂರಿಸಿಕೊಂಡು, ಕಿವಿಗೆ ಬಿದ್ದದ್ದನ್ನ ಬರಿ ಅಂದೆ. ಕಂಪನಿ, ಅಮ್ಯುನಿಷನ್, ಮಾರ್ಟರ್, ಫೋರ್ ಥರ್ಟಿ. ಆ ಚಳೀಲೂ ಬೆವತೆ. ಕೆಲಸದ ಪದ ಪೂರಾ ಇಂಗ್ಲಿಷು, ಕನ್ನಡ ಅಂತ ಇದ್ದದ್ದು 'ಲೇ', 'ಬಂತಾ', 'ಆಯ್ತು'. ಅಮೆರಿಕದ ನವಾಹೊ ಹುಡುಗರು ಎರಡನೇ ಮಹಾಯುದ್ಧದಲ್ಲಿ ಟ್ಯಾಂಕನ್ನ ಆಮೆ ಅಂತಿದ್ದರು. ನಾವೂ ಅಡುಗೆಮನೆ ಪದಗಳ ಪಟ್ಟಿ ಮಾಡಿದ್ವಿ, ಅದು ಇಲ್ಲಿ ಬೇಡ. ಯಾವ ಭಾಷೆಯಾದರೇನು, ಪ್ರೆಸೆಲ್, ಅಂದ್ರೆ ಸೆಟ್‌ನಲ್ಲಿ ಮಾತಾಡೋ ಗುಂಡಿ, ಒತ್ತಿದ ಕೂಡಲೇ ನಾವಿರೋ ದಿಕ್ಕು ಆಚೆಯವನಿಗೆ ಸಿಕ್ಕಿಬಿಡುತ್ತೆ. ಬೀಜಿಂಗಿನಲ್ಲಿದ್ದ ಪಾಕಿಸ್ತಾನದ ಸೇನಾ ಮುಖ್ಯಸ್ಥ ಮುಷರಫ್ ಫೋನಲ್ಲಿ ಆಡಿದ ಮಾತನ್ನೇ ನಮ್ಮವರು ಹಿಡಿದು ಜೂನ್ 11ಕ್ಕೆ ಬಯಲು ಮಾಡಿದ್ದರು.

ಪವರ್ ಇಳಿಸಿ, ಏರಿಯಲ್ಲನ್ನ ಬಂಡೆ ಮರೆಗೆ ಹಾಕಿದ್ದೂ ಆಯ್ತು. ಚಳಿಗೆ ಬ್ಯಾಟರಿ ನಡುರಾತ್ರಿಗೇ ಮಲಗಿತು.

ಉಳಿದದ್ದು ತಂತಿ. ಮೊದಲ ಸಲ ಎಳೆದದ್ದು ಶೆಲ್‌ಗೆ ಆರೇಳು ಕಡೆ ತುಂಡಾಯ್ತು, ಸುಬೇದಾರ್ ಸಾಬ್ ಹೇಳಿದ ಹಾಗೇ. ಎರಡನೇ ಸಲ ಎರಡು ಸಾಲು, ಒಂದಕ್ಕೊಂದು ದೂರ, ನಡುನಡುವೆ ಏಣಿ ಮೆಟ್ಟಿಲಿನ ಹಾಗೆ ಅಡ್ಡ ಜೋಡಣೆ. ಒಂದು ಕಡೆ ಹರಿದರೆ ಮಾತು ಇನ್ನೊಂದು ಕಡೆಯಿಂದ ಹೋಗುತ್ತೆ. ಒಂಟಿ ತಂತಿ ಹಾಕಿ ಭೂಮಿಯನ್ನೇ ಇನ್ನೊಂದು ತಂತಿ ಮಾಡಿಕೊಳ್ಳೋ ಉಳಿತಾಯ ಬೇಡ, ಮಾತು ಮಣ್ಣಲ್ಲಿ ಸೋರುತ್ತೆ. ಒಟ್ಟು ಏಳೆಂಟು ಕಿಲೋಮೀಟರ್ ಕೇಬಲ್ ಹಿಡೀತು. ಜೋಡಣೆಗೆ ಸುತ್ತೋಕೆ ಸೈಕಲ್ ಟ್ಯೂಬ್ ಬೇಕಿತ್ತು. ಲೇಹ್‌ನಿಂದ ಲಾರಿ ಡ್ರೈವರ್ ಕೈಲಿ ತರಿಸಿದೆ, ಮುನ್ನೂರು ಚಿಲ್ಲರೆ ನನ್ನ ಜೇಬಿಂದ. ಬಿಲ್ ಕೊಟ್ಟೆ. ನಾನು ರಿಟೈರ್ ಆದೆ, ಹಣ ಮಾತ್ರ ಬರಲಿಲ್ಲ.

ಆದರೂ ನಮ್ಮ ಕೆಲಸ ಉಳಿಸಿದ್ದು ತಂತಿಯೊಂದೇ ಅಲ್ಲ. ದಿನಾ ಗದ್ದಲ ಮಾಡೋ ರೇಡಿಯೋ ನೆಟ್ ಏಕಾಏಕಿ ಸುಮ್ಮನಾದರೆ ಆಚೆಯವನು ಎದ್ದು ಕೂರಲ್ವಾ? ಅದಕ್ಕೇ ಗದಗಿನ ಹುಡುಗನನ್ನ ಹಳೇ ಜಾಗದಲ್ಲೇ ಕೂರಿಸಿ, ಎಂದಿನ ಹಾಗೆ ರೇಡಿಯೋದಲ್ಲಿ ರೇಷನ್ ಜಗಳ ಆಡು ಅಂದೆ. ಯಾವ ಹೊತ್ತಿಗೆ ಎಷ್ಟು ಮಾತು ಅನ್ನೋ ಲೆಕ್ಕ ನನ್ನ ಹತ್ತಿರವೇ ಇರಲಿ.

ನಾಲ್ಕರ ಸುಮಾರಿಗೆ ಮೇಲಿಂದ ತಂತೀಲಿ ಒಂದೇ ಪದ ಬಂತು. ಸುಬೇದಾರ್ ಸಾಬ್ ತಮ್ಮ ಮಗ್‌ನ ಚಹಾ ನನ್ನ ಕೈಗಿಟ್ಟರು. ಗದಗಿನವನಿಗೆ ನಿಲ್ಲಿಸು ಅಂತ ಹೇಳೋದು ಎಲ್ಲರಿಗೂ ಮರೆತಿತ್ತು. ಬೆಳಕು ಹರಿದ ಮೇಲೆ ಹೋಗಿ ನೋಡಿದರೆ, ಗಂಟಲು ಕಟ್ಟಿದ ದನೀಲಿ ಇನ್ನೂ ಈರುಳ್ಳಿ ಲೆಕ್ಕ ಕೇಳ್ತಿದ್ದ.